ನನ್ನ ‘ಗೆ’ ನನಗೆ ಕೊಡಿ: ತಿದ್ದುಪಡಿ ತಂತ್ರಾಂಶಕ್ಕೊಂದು ಬಿನ್ನಹ

ವಿಶ್ವವಿದ್ಯಾಲಯದ ತಿದ್ದುಪಡಿ ತಂತ್ರಾಂಶದ ಸನ್ನಿಧಾನಕ್ಕೆ,

ಮಾನ್ಯರೇ,

ಊಟ, ನಿದ್ರೆ, ರಜೆ ಯಾವುದನ್ನೂ ಬೇಡದೆ, ಬಡ್ತಿಯನ್ನಂತೂ ಕನಸಿನಲ್ಲಿಯೂ ಕೇಳದೆ ನಮ್ಮೆಲ್ಲರ ಬರಹವನ್ನು ತಿದ್ದುತ್ತಿರುವ ತಮಗೆ ಪ್ರಾಚೀನ ಗ್ರೀಕ್ ವಿಭಾಗದ ಸಮಸ್ತರ ಪರವಾಗಿ ನಮಸ್ಕಾರಗಳು. ಸಮಸ್ತರು ಎಂದರೆ ನಾನೊಬ್ಬಳೇ. ನಮ್ಮ ವಿಭಾಗವಿರುವುದು ಮೂರನೇ ಮಹಡಿಯಲ್ಲಿ, ಲಿಫ್ಟ್ ನಿಲ್ಲುವುದು ಎರಡನೆಯದರಲ್ಲಿ. ನನ್ನ ನಾಲ್ವರು ವಿದ್ಯಾರ್ಥಿಗಳು ಏದುಸಿರು ಬಿಡುತ್ತಲೇ ಬರುವುದರಿಂದ ಗ್ರೀಕಿನ ಮಹಾಪ್ರಾಣಗಳನ್ನು ಅವರಿಗೆ ಬೇರೆಯಾಗಿ ಕಲಿಸಬೇಕಾಗಿಲ್ಲ.

ಗ್ರೀಕಿನಲ್ಲಿ ‘ಗೆ’ ಎಂಬ ಪುಟ್ಟ ಪದವೊಂದಿದೆ. ತನ್ನ ಹಿಂದಿನ ಪದಕ್ಕೆ ಒತ್ತು ಕೊಡುವುದಷ್ಟೇ ಅದರ ಕೆಲಸ. ನನಗೆ ಹತ್ತೊಂಬತ್ತಾಗಿದ್ದಾಗ, ಇದನ್ನು ಯಾವ ಭಾಷೆಗೂ ತರಲಾಗದು ಎಂದು ನಮ್ಮ ಮೇಷ್ಟ್ರು ಕೈಚೆಲ್ಲಿದ ದಿನವೇ, ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅಕ್ಕ ಸೂಜಿಗೆ ದಾರ ಪೋಣಿಸುತ್ತಾ, “ನಾನಂತೂ ಓದ್ಲಿಲ್ಲ, ನೀನಾದ್ರೂ ಓದೇ” ಎಂದಳು. ಆ ‘ಅಂತೂ’, ಆ ‘ಆದರೂ’ ಎರಡೂ ‘ಗೆ’ಯೇ ಎಂದು ಥಟ್ಟನೆ ಹೊಳೆಯಿತು. ಅಂದಿನಿಂದ ಮೂವತ್ತೊಂಬತ್ತು ವರ್ಷ ಆ ಒಂದು ಪದದ ಬೆನ್ನು ಬಿಡದೆ ಬರೆದದ್ದು ಮುನ್ನೂರ ಹನ್ನೆರಡು ಪುಟಗಳ ನನ್ನ ಪುಸ್ತಕ. ಬರುವ ಗುರುವಾರ ಆಯ್ಕೆ ಸಮಿತಿ ಅದನ್ನು ಒಪ್ಪಿದರೆ ನಿವೃತ್ತಿಗೆ ಮುನ್ನ ನಾನು ಪ್ರಾಧ್ಯಾಪಕಿ, ವಿಭಾಗವೂ ಉಳಿಯುತ್ತದೆ. ಒಪ್ಪದಿದ್ದರೆ ಮೂರನೇ ಮಹಡಿ ಮುರುಕು ಕುರ್ಚಿಗಳ ಉಗ್ರಾಣವಾಗುತ್ತದೆ.

ತಾವು ನೋಡದ ಪುಸ್ತಕ ಸಮಿತಿಗೆ ಹೋಗಕೂಡದೆಂಬ ನಿಯಮವಿರುವುದರಿಂದ ತಮ್ಮ ಪಾದಕ್ಕೆ ಒಪ್ಪಿಸಿದೆ. ಗ್ರೀಕ್ ಲಿಪಿ ಕಂಡರೆ ತಾವು ಖಾಲಿ ಚೌಕ ತೋರಿಸುತ್ತೀರೆಂದು ‘ಗೆ’ಯನ್ನು ನಮ್ಮ ಲಿಪಿಯಲ್ಲೇ ಬರೆದಿದ್ದೆ. ಪುಟದ ತುಂಬ ಸೊಳ್ಳೆ ಕೂತಂತೆ ಕಾಣುತ್ತದೆಂದು ಉದ್ಧರಣ ಚಿಹ್ನೆ ಹಾಕದೆ ಬಿಟ್ಟಿದ್ದು ನನ್ನದೇ ತಪ್ಪು. ತಾವಾದರೋ ಒಂಟಿಯಾಗಿ ನಿಂತಿದ್ದ ಪ್ರತಿಯೊಂದು ‘ಗೆ’ಯನ್ನೂ ವಿಭಕ್ತಿ ಪ್ರತ್ಯಯವೆಂದು ಬಗೆದು, ಮುನಿಸಿಕೊಂಡು ಬಂದವರನ್ನು ಮನೆ ಸೇರಿಸುವ ಹಿರಿಯರ ಹಾಗೆ, ಹಿಂದಿನ ಪದಕ್ಕೆ ಸೇರಿಸಿಬಿಟ್ಟಿರಿ. ‘ಇಲ್ಲಿ ರಾಣಿ ಗೆ ಹೇಳುತ್ತಾಳೆ’ ಎಂಬುದು ‘ಇಲ್ಲಿ ರಾಣಿಗೆ ಹೇಳುತ್ತಾಳೆ’ ಎಂದಾಗಿ, ಹೇಳುವವಳು ಯಾರೆಂದು ನನಗೂ ತಿಳಿಯದಾಯಿತು. ಹನ್ನೊಂದನೇ ಪುಟದಲ್ಲಿ ಮೊದಲ ಪದ್ಯದ ಚರ್ಚೆ ಮುಗಿಸಿ ‘ಇಲ್ಲಿ ಗೆ ಮುಗಿಯಿತು’ ಎಂದಿದ್ದೆ. ತಾವು ‘ಇಲ್ಲಿಗೆ ಮುಗಿಯಿತು’ ಎಂದಿರಿ. ಸಮಿತಿಯ ಅಧ್ಯಕ್ಷರು ಅಲ್ಲಿಗೇ ಪುಸ್ತಕ ಮುಚ್ಚಿ, ‘ಹನ್ನೊಂದು ಪುಟ ಚೆನ್ನಾಗಿದೆ, ಉಳಿದ ಮುನ್ನೂರೊಂದು ಅನುಬಂಧವಿರಬೇಕು’ ಎಂದು ಷರಾ ಬರೆದು ವಾಪಸು ಕಳಿಸಿದರು.

ಪ್ರಾಚೀನ ಗ್ರೀಕರು ಪದಗಳ ನಡುವೆ ಜಾಗವನ್ನೇ ಬಿಡುತ್ತಿರಲಿಲ್ಲ. ತಾವು ಆಗ ಇದ್ದಿದ್ದರೆ ಅವರ ಆಸ್ಥಾನ ಪಂಡಿತರಾಗುತ್ತಿದ್ದಿರಿ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಕಂಪ್ಯೂಟರ್ ಕೋಣೆಯ ತಂತ್ರಜ್ಞರಲ್ಲಿ ದೂರಿಕೊಂಡಾಗ ಅವರು, “ಇಷ್ಟೇನಾ ಮೇಡಂ, ಇನ್ಮೇಲೆ ಗೆ ಸೇರಿಸ್ಬೇಡ ಅಂತ ಹೇಳ್ಬಿಡ್ತೀನಿ” ಎಂದರು. ತಾವು ಎಷ್ಟು ವಿಧೇಯರೆಂದರೆ, ಮರುದಿನವೇ ಪುಸ್ತಕದಲ್ಲಿದ್ದ ಎಲ್ಲ ‘ಗೆ’ಗಳನ್ನೂ ಬಿಡಿಸಿಟ್ಟಿರಿ. ‘ನಗೆ’ಯು ‘ನ ಗೆ’ ಆಯಿತು, ‘ಹೊಲಿಗೆ’ಯು ‘ಹೊಲಿ ಗೆ’ ಆಯಿತು. ಅರ್ಪಣೆಯ ಪುಟದಲ್ಲಿ ‘ಅಕ್ಕನಿಗೆ’ ಎಂಬ ಒಂದೇ ಪದವಿತ್ತು. ಅದು ‘ಅಕ್ಕನಿ ಗೆ’ ಎಂದು ಒಡೆದಿತ್ತು. ಅದನ್ನು ನೋಡಿ ನಾನು ಅತ್ತುಬಿಟ್ಟೆ, ಮಾನ್ಯರೇ; ಈ ವಾಕ್ಯದಲ್ಲಿ ವ್ಯಂಗ್ಯವಿಲ್ಲ.

ಆದ್ದರಿಂದ ಗುರುವಾರದ ಸಭೆಗೆ ತಾವೇ ಎರಡನೇ ಮಹಡಿಯಿಂದ ಮೆಟ್ಟಿಲು ಹತ್ತಿ ದಯಮಾಡಿಸಿ, ಪ್ರಾಧ್ಯಾಪಕ ಪದವಿಯನ್ನು ಸ್ವೀಕರಿಸಿ, ಎರಡೂವರೆ ಸಾವಿರ ವರ್ಷ ಹಿಂದಿನ ಕವಿಗಳನ್ನು ಕರೆಸಿ, ಇನ್ನು ಮುಂದೆ ಆ ಪದವನ್ನು ಬಳಸದಂತೆ ಅವರಿಂದ ಮುಚ್ಚಳಿಕೆ ಬರೆಸಿಕೊಳ್ಳಬೇಕಾಗಿ ಕೋರುತ್ತೇನೆ.

ಅಲ್ಲಿಯವರೆಗೆ ನಮ್ಮ ದಾರಿ ನಾವು ನೋಡಿಕೊಂಡಿದ್ದೇವೆ. ತಂತ್ರಜ್ಞರ ಅಪ್ಪಣೆಯನ್ನು ಹಿಂತೆಗೆಸಿ, ‘ಗೆ’ ಪದವಿದ್ದಲ್ಲೆಲ್ಲ ಖಾಲಿ ಜಾಗ ಬಿಟ್ಟು ಪುಸ್ತಕವನ್ನು ತಮ್ಮಿಂದ ಪಾಸು ಮಾಡಿಸಿಕೊಂಡೆ. ಏನೂ ಇಲ್ಲದ ಕಡೆ ತಮಗೆ ಯಾವ ದೋಷವೂ ಕಾಣಲಿಲ್ಲ. ನಿನ್ನೆ ಭಾನುವಾರ ಅಕ್ಕ ಮೇಜಿನ ಮೇಲಿನ ಬಟ್ಟೆ ಸರಿಸಿ, “ಗ್ರೀಕಲ್ಲಿ ಎರಡೇ ಅಕ್ಷರ ತಾನೆ, ತೋರ್ಸು. ಕಾಜಾ ಹಾಕೋದಕ್ಕಿಂತ ಕಷ್ಟನಾ?” ಎಂದು ಪೆನ್ನು ಹಿಡಿದಳು. ಗ್ರೀಕ್ ಲಿಪಿಯಲ್ಲಿ ‘ಗೆ’ಯನ್ನು ಅವಳು ಒಂಬೈನೂರ ನಲವತ್ತು ಕಡೆ ಬರೆದಳು, ನಾನು ಇನ್ನೂರು. ಅವಳ ಅಕ್ಷರ ನನ್ನದಕ್ಕಿಂತ ದುಂಡಗಿದೆ. ಹಿಂದಿನ ಪ್ರತಿಯಿಂದ ಒಡೆದೇ ಉಳಿದಿದ್ದ ಅರ್ಪಣೆಯ ಪುಟವನ್ನು ಸರಿಪಡಿಸಲು ಹೋದಾಗ ನನ್ನ ಕೈ ಹಿಡಿದು, “ಇರ್ಲಿ ಬಿಡೇ. ಅಲ್ಲಾದ್ರೂ ಅದು ಸರಿಯಾದವರ ಪಕ್ಕ ಬಂದು ನಿಂತಿದೆ” ಎಂದಳು.

ಎರಡೆರಡು ಸಲ ತಿದ್ದಿಸಿಕೊಂಡರೂ ತಿದ್ದಿಕೊಳ್ಳದ,
ತಮ್ಮ ವಿಶ್ವಾಸಿ,
ಪ್ರಾಚೀನ ಗ್ರೀಕ್ ವಿಭಾಗದ ಸಮಸ್ತರು

ತಾ.ಕ.: ಈ ಪತ್ರವನ್ನು ತಮಗೆ ತೋರಿಸದೆ ಕೈಯಲ್ಲೇ ಬರೆದು ನೋಟಿಸ್ ಬೋರ್ಡಿಗೆ ಅಂಟಿಸಿದ್ದೇನೆ. ನಮ್ಮ ನಿಮ್ಮ ಸಹವಾಸ ಇಲ್ಲಿಗೆ ಮುಗಿಯಿತು. ಈ ಸಲ ಸೇರಿಸಿ ಬರೆದವಳು ನಾನೇ.