ಬಾಟಲಿ ಮುಚ್ಚಳದಷ್ಟು ತಲೆ

ಅವನ ನೆತ್ತಿಯ ಮೇಲೆ ಒಂದು ಮಚ್ಚೆ ಇತ್ತು. ಆ ಮಚ್ಚೆ ನಡುವೆ ಬರುವಂತೆ ಬಾಟಲಿ ಮುಚ್ಚಳ ಇಟ್ಟು ಪೆನ್ನಿನಲ್ಲಿ ಸುತ್ತಲೂ ಗೆರೆ ಎಳೆದರೆ ಒಂದು ವೃತ್ತ. ಅದರೊಳಗೆ ಎಷ್ಟು ಕೂದಲಿವೆ ಎನ್ನುವುದರ ಮೇಲೆ ಅವನ ಮುಂದಿನ ಬದುಕು ನಿಂತಿತ್ತು.

ಕೂದಲೆಣ್ಣೆ ತಯಾರಿಸುವ ಆ ಸಣ್ಣ ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಹಂಡೆಯಣ್ಣ ಎಂದೇ ಕರೆಯುತ್ತಿದ್ದರು. ಎಣ್ಣೆ ಕುದಿಸುವ ಹಂಡೆಗಳ ಮುಂದೆ ಹನ್ನೊಂದು ವರ್ಷ ಬೆವರು ಸುರಿಸಿದ್ದ. ತಿಕ್ಕಿ ತೊಳೆದ ಹಂಡೆಯನ್ನೂ ಅವನನ್ನೂ ಹಿಂದಿನಿಂದ ನೋಡಿದರೆ ಹೆಚ್ಚು ವ್ಯತ್ಯಾಸ ಇರಲಿಲ್ಲ. ಅವನಿಗೆ ಇದ್ದದ್ದು ಒಂದೇ ಆಸೆ. ಮುಂದಿನ ಅಂಗಡಿ ಕೋಣೆಯಲ್ಲಿ, ಕಿಟಕಿ ಪಕ್ಕ, ಫ್ಯಾನಿನ ಕೆಳಗೆ ಖಾಲಿ ಬಿದ್ದಿರುವ ಕೌಂಟರಿನ ಕುರ್ಚಿಯಲ್ಲಿ ಕೂರಬೇಕು. ಕೇಳಿದಾಗಲೆಲ್ಲ ಯಜಮಾನರು ಹೇಳುತ್ತಿದ್ದದ್ದೂ ಒಂದೇ ಮಾತು: "ಕೂದಲೆಣ್ಣೆ ಅಂಗಡೀಲಿ ನಿನ್ನನ್ನ ಕೂರಿಸಿದ್ರೆ ಗಿರಾಕಿ ಬಾಗಿಲಿಂದಲೇ ವಾಪಸ್ ಹೋಗ್ತಾನೆ ಕಣಯ್ಯಾ."

ಕೊನೆಗೆ ಅವರೇ ಒಂದು ದಾರಿ ಹುಡುಕಿದರು. ಅವನಿಗೊಂದು, ಅದೇ ಕುರ್ಚಿಯ ಮೇಲೆ ಕಣ್ಣಿಟ್ಟಿದ್ದ ಕಾರ್ಖಾನೆಯ ಡ್ರೈವರಿಗೊಂದು ಲೇಬಲ್ ಇಲ್ಲದ ಬಾಟಲಿ ಕೊಟ್ಟು, "ನಲವತ್ತು ದಿನ ಹಚ್ಚಿ. ಯಾರ ತಲೇಲಿ ಕೂದಲು ಜಾಸ್ತಿ ಆಗುತ್ತೋ ಅವನಿಗೆ ಕೌಂಟರು" ಎಂದಿದ್ದರು. ಇವತ್ತು ನಲವತ್ತನೇ ದಿನ. ಸಂಜೆ ಐದಕ್ಕೆ ಯಜಮಾನರು ಬರುವಷ್ಟರಲ್ಲಿ ಎಣಿಕೆ ಮುಗಿದಿರಬೇಕು.

ತಲೆಯ ಮೇಲೇ ಎಣಿಸುವುದು ಆಗದ ಮಾತು. ಮೊದಲ ದಿನ ಹಾಗೆ ಮಾಡಲು ಹೋಗಿ, ನಲವತ್ತಕ್ಕೆ ಬರುವಷ್ಟರಲ್ಲಿ ಹಂಡೆಯಣ್ಣ ಸೀನಿ, ಎಲ್ಲ ಮೊದಲಿಂದ ಶುರುವಾಗಿತ್ತು. ಆಗ ಲೇಬಲ್ ಅಂಟಿಸುವ ಹುಡುಗಿ ಅಂಗಡಿ ಕೋಣೆಯ ಕಂಪ್ಯೂಟರಿಗೆ ಪುಕ್ಕಟೆ ಸಿಗುವ ಒಂದು ಸಾಫ್ಟ್‌ವೇರ್ ಇಳಿಸಿಕೊಂಡಳು. ಫೋಟೋ ತೆರೆದು ಒಂದೊಂದು ಕೂದಲಿನ ಮೇಲೂ ಮೌಸ್ ಒತ್ತಿದರೆ ಅಲ್ಲೊಂದು ಚುಕ್ಕೆ ಬೀಳುತ್ತದೆ, ಮೂಲೆಯಲ್ಲಿ ಲೆಕ್ಕ ಒಂದು ಏರುತ್ತದೆ. ಯಂತ್ರ ತಾನಾಗಿ ಏನನ್ನೂ ಎಣಿಸುವುದಿಲ್ಲ. ಎಣಿಸುವವರಿಗೆ ಮರೆವು ಬಾರದಂತೆ ನೋಡಿಕೊಳ್ಳುತ್ತದೆ ಅಷ್ಟೆ. ಅವತ್ತು ಹಂಡೆಯಣ್ಣನಿಗೆ ಅರವತ್ತೊಂದು, ಡ್ರೈವರಿಗೆ ಎಂಬತ್ತನಾಲ್ಕು ಬಂದಿತ್ತು.

ಇವತ್ತಿನ ತೊಂದರೆ ಫೋಟೋ ತೆಗೆಯುವಾಗಲೇ ಶುರುವಾಯಿತು. ಚಿತ್ರದಲ್ಲಿ ಕೂದಲಿನ ಬದಲು ಟ್ಯೂಬ್‌ಲೈಟ್ ಬಂತು.

"ಹೊಳೀತಿದೆ" ಅಂದಳು ಹುಡುಗಿ ಮೆಲ್ಲಗೆ.

"ಹೊಳೆಯೋದನ್ನ ನಿಲ್ಸೋದು ನನಗೆ ಗೊತ್ತು" ಎಂದು ಲೆಕ್ಕ ಬರೆಯುವ ಅಕ್ಕ ಬ್ಯಾಗಿನಿಂದ ಮುಖದ ಪೌಡರ್ ತೆಗೆದು ಅವನ ನೆತ್ತಿಗೆ ಬಳಿದಳು. ಕೂದಲೂ ಬೆಳ್ಳಗಾದವು. ಡ್ರೈವರ್ ಒದ್ದೆ ಟವೆಲ್ಲಿನಿಂದ ಒರೆಸಿದ. ಟವೆಲ್ಲಿನ ನೂಲು ಅಲ್ಲೇ ಉಳಿಯಿತು.

"ಈಗ ಚೆನ್ನಾಗಿ ಬೆಳೆದಿದೆ ನೋಡಿ" ಅಂದ ಡ್ರೈವರ್.

ನೂಲು ಆರಿಸಿ ತೆಗೆದು, ಐದನೇ ಫೋಟೋ ಒಪ್ಪುವಂತೆ ಬಂತು. ಹುಡುಗಿ ಮೌಸ್ ಹಿಡಿದಳು. ಹಂಡೆಯಣ್ಣ ಪಕ್ಕದ ಸ್ಟೂಲಿನಲ್ಲಿ ಪರೀಕ್ಷೆ ಬರೆದ ಮಗುವಿನಂತೆ ಮುದುರಿ ಕೂತ. ಇಪ್ಪತ್ತೆರಡರವರೆಗೆ ಎಲ್ಲ ಸುಸೂತ್ರ.

"ಏ, ಅದೊಂದು ಬಿಟ್ಟೆಯಲ್ಲ" ಎಂದು ಅಕ್ಕ ಮೌಸ್ ಕಿತ್ತುಕೊಂಡು ತಾನೇ ಒತ್ತಿದಳು.

"ಅಕ್ಕಾ, ಅದು ಮಚ್ಚೆ" ಅಂದ ಹಂಡೆಯಣ್ಣ.

"ಮಚ್ಚೆ ಮೇಲೂ ಒಂದು ಕೂದಲಿದೆ. ನಿನ್ನ ತಲೆ ನೀನು ನೋಡಿದ್ಯಾ? ನಾವು ನೋಡ್ತಿರೋದು."

ಅಷ್ಟರಲ್ಲಿ ಡ್ರೈವರ್ ತಗಾದೆ ತೆಗೆದ. ಅರ್ಧ ಬೆಳೆದ ಕೂದಲನ್ನು ಪೂರ್ತಿ ಎಂದು ಹಿಡಿಯುವುದು ಯಾವ ನ್ಯಾಯ? ಅಕ್ಕ ಬಿಡಲಿಲ್ಲ. ಕುಳ್ಳ ಮನುಷ್ಯನನ್ನು ಅರ್ಧ ಮನುಷ್ಯ ಎಂದು ಎಣಿಸುತ್ತಾರೆಯೇ? ಡ್ರೈವರೇ ಕುಳ್ಳ. ಮಾತು ಬೇರೆ ಕಡೆ ಹೊರಳಿತು. ಮಾತಿನ ನಡುವೆ ಇಬ್ಬರೂ ಸರದಿಯ ಮೇಲೆ ಮೌಸ್ ಕಸಿದು ಒತ್ತಿದರು. ಬಿಳಿ ಕೂದಲಿಗೆ ಹಳದಿ ಚುಕ್ಕೆ, ಕರಿದಕ್ಕೆ ಕೆಂಪು, ಅನುಮಾನ ಇದ್ದದ್ದಕ್ಕೆ ನೀಲಿ. ಪರದೆಯ ಮೇಲೆ ಕೂತಿದ್ದ ನೊಣಕ್ಕೂ ಒಂದು ನೀಲಿ ಬಿತ್ತು. ಅದು ಹಾರಿಹೋದ ಮೇಲೆ, ಕೂದಲು ಉದುರಿತು ಎಂದು ಹಂಡೆಯಣ್ಣ ನೆತ್ತಿ ಮುಟ್ಟಿ ನೋಡಿಕೊಂಡ.

ಮೂಲೆಯ ಲೆಕ್ಕ ನೂರಾ ನಲವತ್ತಾರು ತೋರಿಸಿತು. ಚುಕ್ಕೆಗಳ ಅಡಿಯಲ್ಲಿ ತಲೆ ಎಲ್ಲಿದೆಯೆಂದೇ ತಿಳಿಯಲಿಲ್ಲ.

"ಇಷ್ಟು ಕೂದಲು ನನ್ನ ಮದುವೇಲೂ ಇರಲಿಲ್ಲ" ಅಂದ ಹಂಡೆಯಣ್ಣ, ಮೋಸ ಮಾಡಿದವನ ದನಿಯಲ್ಲಿ.

ಗಂಟೆ ನಾಲ್ಕೂವರೆ. ಯಾವತ್ತೂ ದನಿ ಎತ್ತದ ಹುಡುಗಿ ಎದ್ದು ನಿಂತು, "ಎಲ್ಲರೂ ಕೈ ಹಿಂದೆ ಕಟ್ಕೊಳ್ಳಿ" ಅಂದಳು. ಮೂವರೂ ಬೆಚ್ಚಿ ಕೈ ಕಟ್ಟಿಕೊಂಡರು. ಅವಳು ಫೋಟೋ ಹೊಸದಾಗಿ ತೆರೆದು, ಮೇಲಿನಿಂದ ಕೆಳಕ್ಕೆ, ಒಂದೊಂದಾಗಿ ಒತ್ತುತ್ತಾ ಹೋದಳು. ಉಸಿರಾಟದ ಸದ್ದು ಬಿಟ್ಟರೆ ಬರೀ ಟಿಕ್, ಟಿಕ್. ಐವತ್ತೊಂಬತ್ತು. ಅರವತ್ತು. ಅರವತ್ತೊಂದು ದಾಟಿತು. ಹಂಡೆಯಣ್ಣ ಕಣ್ಣು ಮುಚ್ಚಿದ.

ಎಪ್ಪತ್ತೊಂಬತ್ತಕ್ಕೆ ನಿಂತಿತು.

ಆಮೇಲೆ ಡ್ರೈವರನ ತಲೆಯ ಫೋಟೋ, ಅಷ್ಟೇ ಅಗಲದ ವೃತ್ತ. ಅದು ಅರವತ್ತೊಂಬತ್ತಕ್ಕೇ ಮುಗಿಯಿತು. ಹದಿನೈದು ಕಡಿಮೆ. "ಗಾಡಿ ಕಿಟಕಿ ಗಾಳಿಗೆ ಹೋಗಿರುತ್ತೆ" ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ. ಆದರೂ ಒಳ್ಳೆಯವನು, ಹಂಡೆಯಣ್ಣನನ್ನು ಕೈಹಿಡಿದು ಕರೆದೊಯ್ದು ಕೌಂಟರಿನ ಕುರ್ಚಿಯಲ್ಲಿ ಕೂರಿಸಿದ. ಅಕ್ಕ ಫ್ಯಾನ್ ಹಾಕಿದಳು. ಹೊಸ ಹದಿನೆಂಟು ಕೂದಲೂ ಒಂದೊಂದಾಗಿ ಅಲುಗಿದ್ದು ಹಂಡೆಯಣ್ಣನಿಗೆ ಗೊತ್ತಾಯಿತು. ಹನ್ನೊಂದು ವರ್ಷದ ಬೆವರು ಹತ್ತು ನಿಮಿಷದಲ್ಲಿ ಆರಿತು.

ಐದಕ್ಕೆ ಸರಿಯಾಗಿ ಯಜಮಾನರು ಬಂದರು. ಪರದೆಯ ಮೇಲಿನ ಎರಡೂ ಲೆಕ್ಕ ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು. ಜೇಬಿನಿಂದ ಒಂದು ಚೀಟಿ ತೆಗೆದು ಓದಿ, ಪೆಟ್ಟಿಗೆಯೊಂದರ ಮೇಲೆ ಕುಸಿದು ಕೂತರು.

"ಏನಾಯ್ತು ಸರ್? ಜಾಸ್ತಿ ಆಗಿದೆಯಲ್ಲ" ಅಂದ ಹಂಡೆಯಣ್ಣ.

"ನನ್ನ ತಂಗಿ ವಿಜ್ಞಾನದ ಟೀಚರು. ಹೋಲಿಸಿ ನೋಡೋಕೆ ಒಬ್ಬನಿಗೆ ನಮ್ಮ ಎಣ್ಣೆ ಕೊಡು, ಇನ್ನೊಬ್ಬನಿಗೆ ಬರೀ ಅಡುಗೆ ಎಣ್ಣೆ ಕೊಡು ಅಂದಿದ್ಳು."

"ನಮ್ಮದು ಹಚ್ಚಿದ್ದು ಯಾರು?" ಅಂದಳು ಅಕ್ಕ.

ಯಜಮಾನರು ಚೀಟಿ ಮಡಚಿ ಡ್ರೈವರನ ಕಡೆ ನೋಡಿದರು. ಡ್ರೈವರ್ ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡ.

ಕುರ್ಚಿಯ ತುದಿಗೆ ಸರಿದು ಹಂಡೆಯಣ್ಣ ಕೇಳಿದ, "ಹಾಗಾದ್ರೆ ಕೌಂಟರು?"

"ಗಿರಾಕಿ ನಿನ್ನ ತಲೆ ನೋಡಿ, ಇದೇ ಎಣ್ಣೆ ಹಚ್ತೀರಾ ಅಂತ ಕೇಳ್ತಾನೆ. ಸುಳ್ಳು ಹೇಳೋಕೆ ಬರುತ್ತಾ ನಿನಗೆ?"

ಹಂಡೆಯಣ್ಣ ಯೋಚಿಸಿದ. "ಬರಲ್ಲ ಸರ್."

"ಮತ್ತೆ? ನಿಜ ಹೇಳೋ ಹಾಗೆ ಮಾಡ್ತೀನಿ ಬಾ. ಇನ್ನು ನಲವತ್ತು ದಿನ ನೀನೂ ನಮ್ಮದೇ ಹಚ್ಚು. ಅಷ್ಟು ದಿನ ಹಂಡೆ ನೋಡ್ಕೋ. ದಿನಾ ಬೆಳಗ್ಗೆ ನನ್ನೆದುರಿಗೇ ಹಚ್ಚಬೇಕು. ಇವತ್ತಿಂದಲೇ ಶುರು."

ಹೇಳಿದವರೇ ಹೊಸ ಬಾಟಲಿಯ ಮುಚ್ಚಳ ತೆರೆದು, ಅಂಗೈ ತುಂಬ ಸುರಿದುಕೊಂಡರು. ಹಂಡೆಯಣ್ಣ ಕುರ್ಚಿ ಬಿಟ್ಟಿಳಿದು ತಲೆ ಬಗ್ಗಿಸಿದ. ಯಜಮಾನರು ಮಚ್ಚೆಯ ಸುತ್ತ, ಸ್ವಂತ ಮಗನಿಗೆ ತಿಕ್ಕುವಂತೆ ಅಕ್ಕರೆಯಿಂದ ತಿಕ್ಕಿದರು. ಅವನಿಗೂ ಹಿತವಾಯಿತು, ಕಣ್ಣು ಮುಚ್ಚಿಕೊಂಡೇ ಇದ್ದ.

ತಿಕ್ಕಿ ಮುಗಿಸಿ ಕೈ ತೆಗೆದವರು ಅಂಗೈ ನೋಡಿಕೊಂಡರು. ಅಕ್ಕನೂ ನೋಡಿದಳು, ಡ್ರೈವರೂ ನೋಡಿದ. ಹುಡುಗಿಯೂ ಹತ್ತಿರ ಬಂದು ಬಗ್ಗಿ ನೋಡಿದಳು. ಯಜಮಾನರು ಮೆಲ್ಲಗೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು.

ಲೇಬಲ್ ಹುಡುಗಿ ಸದ್ದಿಲ್ಲದೆ ಕಂಪ್ಯೂಟರಿನ ಮುಂದೆ ಹೋಗಿ ಕೂತು, ಹಂಡೆಯಣ್ಣನ ಫೋಟೋದಿಂದ ಎರಡು ಚುಕ್ಕೆ ಅಳಿಸಿದಳು.