ಕನ್ಯೆ ನೋಡಲು ಬಂದವರು ನನ್ನ ದವಡೆ ನೋಡಿದ್ದು

ಜ್ವರ ಬಂದು ಮಲಗಿದವರ ಹತ್ತಿರ ಜನ ದನಿ ತಗ್ಗಿಸಿ ಮಾತಾಡುತ್ತಾರೆ. ಕಾಲು ಮುರಿದುಕೊಂಡವರಿಗೆ ಬಸ್ಸಿನಲ್ಲಿ ಜಾಗ ಬಿಡುತ್ತಾರೆ. ಹಲ್ಲು ನೋವಿನವರಿಗೆ ಮಾತ್ರ ಈ ಲೋಕದಲ್ಲಿ ಮರ್ಯಾದೆ ಇಲ್ಲ. ಕೆನ್ನೆಗೆ ಕೈ ಹಚ್ಚಿ ಕೂತರೆ ಸಾಕು, ಮೊದಲು ಒಂದು ನಗು, ಬೆನ್ನಿಗೇ ಒಂದು ಮದ್ದು. ಆ ಮದ್ದು ಹೇಳುವವರ ಬಾಯನ್ನು ಒಮ್ಮೆ ಗಮನಿಸಿ ನೋಡಿ, ಅರ್ಧಕ್ಕರ್ಧ ಖಾಲಿ ಇರುತ್ತದೆ. ತಮ್ಮ ಹಲ್ಲನ್ನೇ ಕಾಯ್ದುಕೊಳ್ಳಲಾಗದವರು ನಮ್ಮ ಹಲ್ಲಿನ ಉದ್ಧಾರಕ್ಕೆ ಟೊಂಕ ಕಟ್ಟುವ ಧೈರ್ಯಕ್ಕೆ ನಾನು ಇವತ್ತಿಗೂ ಬೆರಗಾಗುತ್ತೇನೆ.

ನಾನು ಮುಧೋಳದಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸುವವಳು. ಮಾತು ತುಸು ಖಾರ ಎಂದು ಹೆಸರಿದೆ. ತವರುಮನೆ ಬನಹಟ್ಟಿ. ನನ್ನ ತಂಗಿ ಶೋಭಾಳನ್ನು ನೋಡಲು ಗಂಡಿನ ಕಡೆಯವರು ಬಂದಾಗಲೆಲ್ಲ ನನಗೆ ಕರೆ ಬರುತ್ತಿತ್ತು. ಅಪ್ಪ ನೀರಾವರಿ ಇಲಾಖೆಯಲ್ಲಿ ಜೀವನವಿಡೀ ಮೇಲಿನವರಿಗೆ ತಲೆಯಾಡಿಸಿ ನಿವೃತ್ತರಾದವರು, ಯಾರು ಏನಂದರೂ "ಆತ್ರಿ" ಅನ್ನುತ್ತಾರೆ. ಹಾಗಾಗಿ ವರನನ್ನು ವಿಚಾರಣೆ ಮಾಡುವ ಕೆಲಸ ನನ್ನದು. ಎಂಜಿನಿಯರ್ ಎಂದು ಹೇಳಿಕೊಂಡು ಬಂದ ಒಬ್ಬ ನನ್ನ ಪ್ರಶ್ನೆಗಳು ಮುಗಿಯುವಷ್ಟರಲ್ಲಿ ಡಿಪ್ಲೊಮಾಕ್ಕೆ ಇಳಿದ, ಕೊನೆಗೆ ಅದೂ ಪೂರ್ತಿಯಾಗಿಲ್ಲ ಎಂದ. ಇನ್ನೊಬ್ಬ ಅವಲಕ್ಕಿಯನ್ನು ಅರ್ಧಕ್ಕೇ ಬಿಟ್ಟು ಎದ್ದ. ನನಗೇನೋ ಹೆಮ್ಮೆ. ಶೋಭಾ ಮಾತ್ರ ಸುಮ್ಮನೆ ತಾಟು ತೊಳೆದಿಟ್ಟಿದ್ದಳು.

ಈ ಸಲ ಬರುವವರು ಬೀಳಗಿ ಕಡೆಯವರು, ಅಣೆಕಟ್ಟಿನ ಹಿನ್ನೀರು ಊರಿಗೆ ನುಗ್ಗಿದ ಮೇಲೆ ಅನಗವಾಡಿಯಿಂದ ಮೇಲಕ್ಕೆ ಬಂದು ಮನೆ ಕಟ್ಟಿಕೊಂಡವರು. ಹುಡುಗ ಸಿದ್ದು, ಸಕ್ಕರೆ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ನೌಕರ. ಕೇಳಬೇಕಾದ್ದನ್ನೆಲ್ಲ ಮನಸ್ಸಿನಲ್ಲೇ ಜೋಡಿಸಿಕೊಂಡು ಬಂದಿದ್ದೆ. ಭಾನುವಾರ ಬೆಳಿಗ್ಗೆ ಅತಿಥಿಗಳಿಗಿಟ್ಟ ಶೇಂಗಾ ಚಿಕ್ಕಿಯ ರುಚಿ ನೋಡಲು ಹೋದೆ. ಕಟಕ್ ಅಂತು. ಮುರಿದದ್ದು ಚಿಕ್ಕಿ ಅಂದುಕೊಂಡೆ, ನೋಡಿದರೆ ನನ್ನ ದವಡೆ ಹಲ್ಲು.

ಹಲ್ಲಿನ ಡಾಕ್ಟರು ಇರುವುದು ಜಮಖಂಡಿಯಲ್ಲಿ, ಭಾನುವಾರ ಬಾಗಿಲು ಹಾಕಿರುತ್ತಾರೆ. ಅವ್ವ ಉಗುರುಬೆಚ್ಚಗಿನ ಉಪ್ಪುನೀರು ಕೊಟ್ಟಳು, ಮುಕ್ಕಳಿಸಿದೆ. ಲವಂಗ ಕೊಟ್ಟಳು, ಹಲ್ಲಿನ ಹತ್ತಿರ ಇಟ್ಟುಕೊಂಡೆ. ತುಸು ಹಿತವೆನಿಸಿತು. ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಅಷ್ಟರಲ್ಲಿ ಸೋದರಮಾವ ನಿಂಗಪ್ಪ ಒಳಗೆ ಬಂದ. ಅವನ ಬಾಯಲ್ಲಿ ಮುಂದಿನ ಎರಡು ಬಿಟ್ಟರೆ ಉಳಿದದ್ದೆಲ್ಲ ಬಯಲು.

"ಲವಂಗ ಏನ್ ಮಾಡ್ತೈತಿ ಬೇ? ಬಳ್ಳೊಳ್ಳಿ ಜಜ್ಜಿ, ಇಂಗು ಕಲಿಸಿ ವಸಡಿಗೆ ತುರುಕು. ಹುಳಾ ಸತ್ತ ಹೊರಗ ಬೀಳತಾವ."

"ಹುಳಾ ಇರೂದಿಲ್ಲ ಮಾವಾ" ಎನ್ನಲು ಬಾಯಿ ತೆರೆದೆ. ತೆರೆದದ್ದೇ ತಪ್ಪಾಯಿತು, ಬೆಳ್ಳುಳ್ಳಿ ಒಳಗೆ ಹೋಗಿತ್ತು. ಹಲ್ಲಿನ ನೋವಿನ ಜೊತೆ ವಸಡೂ ಉರಿಯತೊಡಗಿತು. ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ ಮಾವ, "ನೋಡು, ನಾಟಾಕತ್ತೈತಿ" ಎಂದ. ಅಪ್ಪ ನೋವಿನ ಗುಳಿಗೆ ತಂದರೆ ಅದನ್ನೂ ಪುಡಿ ಮಾಡಿ ವಸಡಿಗೇ ಒತ್ತು ಎಂದ ಈ ಧನ್ವಂತರಿ. ನಾನು ಕಸಿದುಕೊಂಡು ನುಂಗಿ, ಕೆನ್ನೆಗೆ ತಣ್ಣೀರ ಬಟ್ಟೆ ಹಿಡಿದು ಕೂತೆ.

ಗಂಡಿನವರ ಜೀಪು ಬಂದಾಗ ನನ್ನ ಅರ್ಧ ಮುಖ ನನ್ನದಾಗಿತ್ತು, ಇನ್ನರ್ಧ ಊದಿ ಯಾರದೋ ಆಗಿತ್ತು. ಸಿದ್ದುವಿನ ತಾಯಿ ಗಂಗವ್ವ ಗಟ್ಟಿ ಹೆಂಗಸು. ಚಾಪೆಯ ಮೇಲೆ ಕೂತವಳೇ ನನ್ನನ್ನು ನೋಡಿದಳು.

"ಯಾಕವಾ, ಗಲ್ಲಕ ಕೈ ಹಚ್ಚೀದಿ?"

"ಹಲ್ಲಬ್ಯಾನಿ ರೀ" ಎಂದಳು ಅವ್ವ.

"ಹೌದೇನು? ಆ ಅನ್ನು, ನೋಡೂಣು."

ನಾನು ಬೇಡವೆಂದು ತಲೆಯಾಡಿಸಿದೆ. ಗಂಗವ್ವ ಗದ್ದ ಹಿಡಿದಳು. ಸಿದ್ದುವಿನ ಬೊಚ್ಚುಬಾಯಿಯ ಅಪ್ಪ ಕಿಸೆಯಿಂದ ಬ್ಯಾಟರಿ ತೆಗೆದು ಬೆಳಕು ಬಿಟ್ಟ. ಹುಡುಗಿ ನೋಡಲು ಬಂದ ಇಡೀ ಬಳಗ ಸಾಲಾಗಿ ಬಗ್ಗಿ ನನ್ನ ಬಾಯಿ ನೋಡಿತು. ಶೋಭಾ ಹೊಸ ಸೀರೆಯುಟ್ಟು ಉಪ್ಪಿಟ್ಟಿನ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು, ಅವಳನ್ನು ಯಾರೂ ನೋಡಲಿಲ್ಲ. ಬೆಳ್ಳುಳ್ಳಿ ಮೇಲೋ ತಂಬಾಕು ಮೇಲೋ ಎಂದು ನಿಂಗಪ್ಪ ಮಾವನಿಗೂ ಸಿದ್ದುವಿನ ಅಪ್ಪನಿಗೂ ವಾದ ಹತ್ತಿತು. ಹಲ್ಲಿಲ್ಲದ ಇಬ್ಬರು ಹಲ್ಲಿನ ಬಗ್ಗೆ ಅಷ್ಟು ಬಿಸಿಯಾಗಿ ಜಗಳಾಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

"ಇನ್ನೊಂದೀಟು ಉಪ್ಪನೀರ ಕಾಸ್ರಿ" ಎಂದಳು ಗಂಗವ್ವ. ಶೋಭಾ ಅಡುಗೆಮನೆಗೆ ಹೋದಳು. "ಉಪ್ಪು ಎಷ್ಟ ಹಾಕಬೇಕು ನಾ ಹೇಳ್ತೀನಿ" ಎಂದು ಸಿದ್ದು ಹಿಂದೆಯೇ ಎದ್ದು ಹೋದ. ಪ್ರಯೋಗಾಲಯದವನಲ್ಲವೇ, ಯಾರೂ ತಡೆಯಲಿಲ್ಲ.

ಒಂದು ಲೋಟ ನೀರು ಬೆಚ್ಚಗಾಗಲು ಎಷ್ಟು ಹೊತ್ತು ಬೇಕು? ಅವರು ತೆಗೆದುಕೊಂಡ ಹೊತ್ತಿನಲ್ಲಿ ಒಂದು ಓಣಿಯವರೆಲ್ಲರ ಸ್ನಾನಕ್ಕೆ ನೀರು ಕಾಸಬಹುದಿತ್ತು. ಒಳಗಿನಿಂದ ಶೋಭಾ ನಗುವುದು ಕೇಳಿಸಿತು. ಬಂದವರೆದುರು ಅವಳು ಹಾಗೆ ನಕ್ಕದ್ದೇ ಇಲ್ಲ. ನೌಕರಿ ಕಾಯಮ್ಮೋ ಅಲ್ಲವೋ ಎಂದು ಈಗಲೇ ಕೇಳಬೇಕೆಂದು ಚಡಪಡಿಸಿದೆ. ಬಾಯಿಂದ ಹೊರಟದ್ದು "ಆ... ಊ..." ಮಾತ್ರ. "ಪಾಪ, ಬಾಳ ತ್ರಾಸ ಆಗಾಕತ್ತೈತಿ" ಎಂದು ಗಂಗವ್ವ ಇನ್ನೊಂದು ಲವಂಗ ಇಟ್ಟಳು.

ಹೊರಡುವ ಮುಂಚೆ ಅವಳು ಅಪ್ಪನಿಗೆ ಹೇಳಿದಳು: "ಹುಡುಗಿ ನಮಗ ಪಸಂದ ಬಂದಾಳ್ರಿ. ಖರೆ ಹೇಳ್ತೀನಿ, ನಿಮ್ಮ ಹಿರೀ ಮಗಳು ಬಾಳ ಜೋರಂತ ಮಂದಿ ಹೇಳಿದ್ರು. ಬರಾಕ ಅಂಜಿದ್ವಿ. ಕುಂತಾಗಿಂದ ನೋಡಾಕತ್ತೇನಿ, ಒಂದ ಮಾತ ಆಡಿಲ್ಲ. ಇಂಥಾ ಶಾಂತ ಹೆಣ್ಣಮಗಳನ್ನ ನಾ ಕಂಡಿಲ್ಲ."

"ಆತ್ರಿ" ಎಂದರು ಅಪ್ಪ.

ಅವರು ಹೋದ ಮೇಲೆ ಅರ್ಧ ಬಾಯಲ್ಲೇ ಶೋಭಾಳನ್ನು ಕೇಳಿದೆ, ನೌಕರಿಯ ವಿಷಯ ಏನಾಯಿತೆಂದು.

"ಕಾಯಮ್ ಆಗಿಲ್ಲಂತ. ಅವರ ಹೇಳಿದ್ರು, ನಾ ಕೇಳೋಕಿಂತ ಮೊದಲ."

"ಮತ್ತ ಹ್ಞೂಂ ಅಂದಿ?"

"ಅಂದೆ. ನೀ ಕೇಳಿದ್ರ ಅಂಜಿ ಸುಳ್ಳ ಹೇಳ್ತಾರಕ್ಕಾ. ನನ್ನ ಕೂಡ ಹಂಗಲ್ಲ, ಕುಂತ ಮಾತಾಡ್ತಾರ." ಅವಳು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಅದಕ್ಕೇ ನನಗೆ ಹಲ್ಲಿಗಿಂತ ಒಳಗೆ ಎಲ್ಲೋ ನೋವಾಯಿತು.

ಮರುದಿನ ಜಮಖಂಡಿಯ ಡಾಕ್ಟರು ನನ್ನ ಬಾಯಿ ನೋಡಿ, "ಒಳಗ ಚಟ್ನಿ ಅರದೀರೇನ್ರಿ?" ಎಂದರು. ಉಪ್ಪುನೀರು, ತಣ್ಣೀರ ಬಟ್ಟೆ, ನುಂಗಿದ ಗುಳಿಗೆ ಇವಕ್ಕೆ ಸರಿ ಎಂದು ತಲೆಯಾಡಿಸಿದರು. ಬೆಳ್ಳುಳ್ಳಿಗೆ ಸುಟ್ಟ ವಸಡು ತೋರಿಸಿ ಬೈದರು. ಸೂಜಿ ಚುಚ್ಚಿ ಹಲ್ಲನ್ನು ಸರಿಮಾಡಿ, ಸಂಜೆಯೊಳಗೆ ಮೊದಲಿನ ಹಾಗೆ ಮಾತಾಡಬಹುದು ಎಂದು ಭರವಸೆ ಕೊಟ್ಟು ಕಳಿಸಿದರು.

ಈ ಶುಭವಾರ್ತೆಯನ್ನು ಜೊತೆಗೆ ಬಂದಿದ್ದ ಅಪ್ಪ ಮನೆಯಲ್ಲಿ ಹೇಳಿದಾಗ ಅವ್ವನ ಮುಖ ಬಾಡಿತು.

"ಎಂಥಾಕಿ ಬೇ ನೀ! ಲಗ್ನ ಮುಗಿಯೂತನಕ ಹಂಗ ಇರ್ಲಿ ಅಂತ ಡಾಕ್ಟರಿಗೆ ಹೇಳಬಾರದಿತ್ತಾ?"

ಅದಕ್ಕೆ ತಕ್ಕ ಉತ್ತರ ನನ್ನಲ್ಲಿತ್ತು. ಸೂಜಿಗೆ ಮರಗಟ್ಟಿದ ತುಟಿಗೆ ಇನ್ನೂ ಜೀವ ಬಂದಿರಲಿಲ್ಲ. ಜೀವ ಬರುವ ಹೊತ್ತಿಗೆ ಅವ್ವ ಬೀಗರ ಮನೆಗೆ ಫೋನು ಹಚ್ಚಿ ಹೇಳುತ್ತಿದ್ದಳು: "ಹಿರೀ ಮಗಳಿಗೆ ಇನ್ನೂ ಮಾತ ಹೊರಡವಲ್ದು ರೀ. ಲಗೂನ ಒಂದ ಮುಹೂರ್ತ ನೋಡ್ರಿ."