ಹೂಲಿಯ ಹೂಲಿಯವರ ಅರ್ಜಿ

ನಿಯಮ ಮಾಡುವ ಅಧಿಕಾರ ಸಿಕ್ಕರೆ ಮನುಷ್ಯ ಎಷ್ಟು ಬೇಗ ಕೆಡುತ್ತಾನೆ ಎನ್ನುವುದಕ್ಕೆ ನಾನೇ ಸಾಕ್ಷಿ. ಬೈಲಹೊಂಗಲಕ್ಕೆ ಇಂಟರ್ನೆಟ್ ಬಂದ ಹೊಸತರಲ್ಲಿ ನಾನೊಂದು ಶಿಕ್ಷಣ ಸಂಸ್ಥೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದೆ. ನೌಕರಿಯ ಅರ್ಜಿಯನ್ನು ಇನ್ನು ಕಂಪ್ಯೂಟರಿನಲ್ಲೇ ತುಂಬಬೇಕು, ತಪ್ಪಿದ್ದರೆ ಪರದೆಯೇ ತಡೆಯಬೇಕು ಎಂದು ಆಡಳಿತ ಮಂಡಳಿ ಠರಾವು ಮಾಡಿತು. ನಾನು ನಿಯಮ ಕೂಡಿಸಲು ಹೊರಟೆ. ಕೇಳಿದವರೆಲ್ಲ ಧಾರಾಳವಾಗಿ ಕೊಟ್ಟರು. ಪಿನ್‌ಕೋಡಿಗೆ ಆರೇ ಅಂಕಿ ಎಂದರು ಪ್ರಿನ್ಸಿಪಾಲರು. ಹೆಡ್ ಕ್ಲರ್ಕ್ ನದಾಫ್ ಅವರದು ವರ್ಷಗಳ ಸಿಟ್ಟು: “ಅಡ್ಡಹೆಸರು ಬರೀರಿ ಅಂದ್ರ ಊರ ಹೆಸರು ಬರೀತಾರ್ರಿ. ಎರಡೂ ಒಂದ ಇದ್ರ ಒಳಗ ಬಿಡಬ್ಯಾಡ್ರಿ.”

ಎಲ್ಲವನ್ನೂ ಸೋಸಿದೆ. ಹಳೆಯ ದಾಖಲೆ ನೋಡಿ ಹೇಳಬೇಕಾದ ನಿಯಮಗಳು ಒಳಗೆ ಸರ್ವರಿನಲ್ಲಿ ಉಳಿದವು. ಅರ್ಜಿ ನೋಡಿದರೇ ತಿಳಿಯುವಂಥವು ಪರದೆಯಲ್ಲೇ ಕಾವಲು ನಿಂತವು. ಯಾವುದು ಎಲ್ಲಿರಬೇಕೆಂದು ಮೂರು ದಿನ ತಲೆ ಕೆಡಿಸಿಕೊಂಡೆ. ಇರಬೇಕೋ ಬೇಡವೋ ಎಂದು ಯೋಚಿಸಲೇ ಇಲ್ಲ.

ಹೊಲಿಗೆ ಶಿಕ್ಷಕಿಯ ಒಂದೇ ಜಾಗ, ಅರ್ಜಿಗೆ ಕಡೆಯ ದಿನ, ಸಂಜೆ ಐದಕ್ಕೆ ಬಂದ್. ನಾಲ್ಕೂವರೆಗೆ ಶಾಂತಕ್ಕ ಎಂಬವರು ನನ್ನ ಮೇಜಿನೆದುರು ಬಂದು ನಿಂತರು. ನಾಲ್ಕು ಸಲ ತುಂಬಿದರೂ ಪರದೆ ಕೆಂಪಕ್ಷರದಲ್ಲಿ ‘ಸರಿಯಾದ ಅಡ್ಡಹೆಸರು ಬರೆಯಿರಿ’ ಎನ್ನುತ್ತಿತ್ತಂತೆ.

“ಅಡ್ಡಹೆಸರು ಏನ್ರಿ?”

“ಹೂಲಿ.”

“ಊರಲ್ರೀ, ಅಡ್ಡಹೆಸರು.”

“ಅದೂ ಹೂಲಿನ ರೀ. ನಮ್ಮ ಮಾವನವರು ಹೂಲಿ ಬಿಟ್ಟು ರಾಮದುರ್ಗಕ್ಕ ಹೋದಾಗ ಆ ಹೆಸರು ಬಿತ್ತು. ಈಗ ತಿರುಗಿ ಹೂಲಿಗೇ ಬಂದೇವಿ. ಹೆಸರು ಅಲ್ಲೇ ಬಿಟ್ಟು ಬರಾಕ ಆಗತೈತೇನ್ರಿ?”

“ಬ್ಯಾರೆ ಊರು ಹಾಕಿಬಿಡ್ರಿ.”

“ಸುಳ್ಳು ಊರು ಬರದ್ರ ಸಂದರ್ಶನದ ಕಾಗದ ಯಾರ ಮನಿಗೆ ಹೋಗತೈತ್ರಿ?”

ನನಗೆ ರೇಗಿತು, ಅದೂ ಅವರ ಮೇಲೆ. “ನಿಯಮ ಐತ್ರಿ, ನನ್ನ ಕೈಯಾಗ ಏನಿಲ್ಲ” ಎಂದೆ. ಬರೆದವನು ನಾನೇ.

“ಹಂಗಾರ ನಿಮ್ಮ ಹೆಸರು ಹಾಕಿ ನೋಡ್ರಿ” ಎಂದರು ಶಾಂತಕ್ಕ.

ಪಾಠ ಕಲಿಸುವ ಹುರುಪಿನಲ್ಲಿ ಟೈಪು ಮಾಡಿದೆ. ಅಡ್ಡಹೆಸರು ಬೈಲಹೊಂಗಲ. ಊರು ಬೈಲಹೊಂಗಲ. ಕೆಂಪಕ್ಷರ. ಕಾಲ್ಪನಿಕ ಹೆಸರುಗಳನ್ನು ಹಾಕಿ ತಿಂಗಳುಗಟ್ಟಲೆ ಪರೀಕ್ಷೆ ಮಾಡಿದವನಿಗೆ ತನ್ನ ಹೆಸರೇ ನೆನಪಾಗಿರಲಿಲ್ಲ. ಅವಮಾನವಾಯಿತು. ಆ ನಿಯಮವನ್ನು ಕಿತ್ತುಹಾಕಿ, ಸರಿಯಾಯಿತೇ ಎಂದು ನೋಡಲು, ನನ್ನ ಹೆಸರು ಹಾಗೇ ಇರುವಾಗಲೇ, ‘ಕಳಿಸು’ ಗುಂಡಿ ಒತ್ತಿದೆ. ಪರದೆ ತಕರಾರಿಲ್ಲದೆ ದಾರಿ ಬಿಟ್ಟಿತು. ಐದಕ್ಕೆ ಇನ್ನೂ ಆರು ನಿಮಿಷವಿರುವಾಗ ಶಾಂತಕ್ಕನ ಅರ್ಜಿಯೂ ಹೋಯಿತು.

ಮರುದಿನ ನದಾಫ್ ಅವರು ಅರ್ಜಿಗಳ ಪಟ್ಟಿ ಹಿಡಿದು ಬಂದರು. “ಸರ, ನಿಮಗ ರವಿಕಿ ಹೊಲಿಯಾಕ ಬರತೈತೇನ್ರಿ?”

ಶಿಕ್ಷಕಿಯ ಜಾಗಕ್ಕೆ ಗಂಡಸರನ್ನು ಬಿಡಬಾರದೆಂಬ ನಿಯಮವನ್ನು ಯಾರೂ ಕೊಟ್ಟಿರಲಿಲ್ಲ, ನನಗೂ ಹೊಳೆದಿರಲಿಲ್ಲ.